ಬೆವರಿದರೂ ತಣಿಯದ ಹಸು: ಚಳ್ಳಕೆರೆ ಸೀಮೆಯ ಒಂದು ಕೊಟ್ಟಿಗೆಯ ಪ್ರಕರಣ

ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿ, ಏಪ್ರಿಲ್ ಎರಡನೇ ವಾರ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಮಿಶ್ರತಳಿಯ ಹಸು, ಎರಡನೇ ಸೂಲು, ಕರು ಹಾಕಿ ಎರಡು ತಿಂಗಳು, ತೂಕ ಅಂದಾಜು 400 ಕೆ.ಜಿ. ಮಾರ್ಚ್‌ನಲ್ಲಿ ದಿನಕ್ಕೆ 13 ಲೀಟರ್ ಕೊಡುತ್ತಿದ್ದದ್ದು 7 ಲೀಟರಿಗೆ ಇಳಿದಿತ್ತು. ಹೊತ್ತು ಏರಿದಂತೆ ಬಾಯಿ ತೆರೆದು, ನಾಲಿಗೆ ಚಾಚಿ, ಜೊಲ್ಲು ಸುರಿಸುತ್ತ ನಿಂತೇ ಇರುತ್ತಿತ್ತು. ಮಲಗುತ್ತಿರಲಿಲ್ಲ, ಮೆಲುಕು ಹಾಕುತ್ತಿರಲಿಲ್ಲ. "ಜ್ವರ ಬಂದೈತೆ ಅಂತ ಎರಡು ಸಲ ಇಂಜೆಕ್ಷನ್ ಹಾಕ್ಸಿದ್ವಿ ಸಾರ್. ಬೆಳಗ್ಗೆ ಇಳಿದಿರ್ತೈತೆ, ಮಧ್ಯಾಹ್ನ ಮತ್ತೆ ಏರ್ತೈತೆ" ಎಂದರು ಮನೆಯ ಯಜಮಾನರು. ರೋಗ ಯಾವುದು ಎಂಬುದರ ಅರ್ಧ ಉತ್ತರ ಈ ಮಾತಿನಲ್ಲೇ ಇತ್ತು.

ಅದೇ ಅಂಗಳದಲ್ಲಿ ಒಂದು ಮುರ್ರಾ ಎಮ್ಮೆ, ಕಾವಲಿನ ಕಡೆಯ ಅಮೃತಮಹಲ್ ರಕ್ತದ ಒಂದು ಜೊತೆ ಎತ್ತು, ಒಂದಷ್ಟು ಕರಿಕುರಿ, ನಾಲ್ಕಾರು ಕೋಳಿ ಇದ್ದವು. ಬಿಸಿಲು ಎಲ್ಲಕ್ಕೂ ಒಂದೇ. ಎತ್ತುಗಳು ಬೇವಿನ ಮರದ ಕೆಳಗೆ ಆರಾಮಾಗಿ ಮೆಲುಕು ಹಾಕುತ್ತಿದ್ದವು. ಎಮ್ಮೆ ಹಸುವಿನಷ್ಟೇ ಬಳಲಿತ್ತು. ಕುರಿಗಳು ಒಂದರ ಹೊಟ್ಟೆಯಡಿ ಇನ್ನೊಂದು ತಲೆ ತೂರಿಸಿ ಏದುಸಿರು ಬಿಡುತ್ತಿದ್ದವು. ಈ ವ್ಯತ್ಯಾಸಕ್ಕೆ ಕಾರಣ ಪ್ರತಿ ಪ್ರಾಣಿಯ ಚರ್ಮದಲ್ಲಿರುವ ಗ್ರಂಥಿಗಳು. ಹಾಗಾಗಿ ಈ ಪ್ರಕರಣವನ್ನು ಚರ್ಮದಿಂದಲೇ ಓದಬೇಕು.

ಜ್ವರವೋ, ಹೊರಹೋಗದ ಶಾಖವೋ

ಮಧ್ಯಾಹ್ನ 2.30ಕ್ಕೆ ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟಾಗ ಹಸುವಿನ ಮೈಶಾಖ 40.6 ಡಿಗ್ರಿ ಸೆಲ್ಸಿಯಸ್, ಅಂದರೆ 105 ಫ್ಯಾರನ್‌ಹೀಟ್. ಪಕ್ಕೆಯ ಏರಿಳಿತ ನೋಡಿ ಎಣಿಸಿದ ಉಸಿರು ನಿಮಿಷಕ್ಕೆ 112. ಮರುದಿನ ಬೆಳಗಿನ ಜಾವ 5.30ಕ್ಕೆ ಮೈಶಾಖ 38.9, ಉಸಿರು 44. ಹಸುವಿನ ಸಹಜ ಮೈಶಾಖ 38ರಿಂದ 39.3. ನೆರಳಲ್ಲಿ ಸುಮ್ಮನೆ ನಿಂತ ಹಸುವಿನ ಉಸಿರು 60 ದಾಟಿದರೆ ಎಚ್ಚರವಾಗಬೇಕು, 100 ದಾಟಿದರೆ ಅದು ತುರ್ತು.

ಜ್ವರದಲ್ಲಿ ಮಿದುಳೇ ಮೈಯ ಶಾಖವನ್ನು ಮೇಲಿನ ಮಟ್ಟಕ್ಕೆ ಏರಿಸಿಟ್ಟಿರುತ್ತದೆ. ಆ ಮಟ್ಟ ಮುಟ್ಟುವ ತನಕ ಹಸು ನಡುಗುತ್ತದೆ, ಕೂದಲು ನಿಮಿರುತ್ತದೆ, ಕಿವಿ ತಣ್ಣಗಿರುತ್ತದೆ. ಜ್ವರ ಇಳಿಸುವ ಇಂಜೆಕ್ಷನ್ ಕೆಲಸ ಮಾಡುವುದು ಏರಿದ ಆ ಮಟ್ಟದ ಮೇಲೆ. ಇಲ್ಲಿ ಕಿವಿ ಬಿಸಿಯಾಗಿತ್ತು, ಕಿವಿಯ ರಕ್ತನಾಳಗಳು ಉಬ್ಬಿದ್ದವು. ಮಿದುಳು ಶಾಖವನ್ನು ಹೊರದೂಡಲು ಆಗಲೇ ತಿಣುಕುತ್ತಿತ್ತು, ಶಾಖಕ್ಕೆ ಹೊರದಾರಿ ಇರಲಿಲ್ಲ. ಇಂಥ ಹಸುವಿಗೆ ಜ್ವರದ ಇಂಜೆಕ್ಷನ್‌ನಿಂದ ಏನೂ ಆಗದು. ಮೇಲಾಗಿ ಮೈಯ ನೀರು ಆರಿದ ಪ್ರಾಣಿಗೆ ನೋವು-ಉರಿಯೂತದ ಔಷಧಿ ಪದೇಪದೇ ಬಿದ್ದರೆ ಮೂತ್ರಪಿಂಡಕ್ಕೆ ಪೆಟ್ಟು. ಬೆಳಗ್ಗೆ ಇಳಿದದ್ದು ಇಂಜೆಕ್ಷನ್‌ನಿಂದ ಎಂದು ಮನೆಯವರು ನಂಬಿದ್ದರು. ಇಳಿಸಿದ್ದು ರಾತ್ರಿಯ ತಂಪು.

ಆದರೂ ಬಿಸಿಲೇ ಕಾರಣ ಎಂದು ಏಕಾಏಕಿ ತೀರ್ಮಾನಿಸುವುದು ಅಪಾಯ. ಮಿಶ್ರತಳಿಗಳಲ್ಲಿ ರಕ್ತ ಹೀರುವ ಉಣ್ಣೆಹುಳುವಿನಿಂದ ಬರುವ ಥೈಲೀರಿಯಾ, ಬಬೇಸಿಯಾ ರೋಗಗಳು ಬೇಸಿಗೆಯಲ್ಲೂ ಕಾಡುತ್ತವೆ. ಭುಜದ ಮುಂದಿನ ಗಂಟುಗಳನ್ನು ತಡವಿ ನೋಡಲಾಯಿತು, ಊತವಿರಲಿಲ್ಲ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿರಲಿಲ್ಲ. ಕಿವಿಯ ತುದಿಯ ರಕ್ತದ ಲೇಪನದಲ್ಲಿ ಪರಾವಲಂಬಿ ಕಾಣಲಿಲ್ಲ. ಬಾಯಿ, ಗೊರಸಿನ ಸಂದು ಶುದ್ಧವಾಗಿದ್ದವು. ಕಾಲು ಎಳೆಯುತ್ತಿರಲಿಲ್ಲ, ಆದ್ದರಿಂದ ಮೂರು ದಿನದ ಜ್ವರವೂ ಅಲ್ಲ.

ಮೂತಿಯನ್ನು ಒಣ ಬಟ್ಟೆಯಲ್ಲಿ ಒರೆಸಿ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದೆವು. ಆರೋಗ್ಯವಂತ ಹಸುವಿನ ಮೂತಿಯ ಗೆರೆಗಳ ನಡುವೆ ಸಾಸಿವೆಗಿಂತ ಸಣ್ಣ ಹನಿಗಳು ಬೇಗನೆ ಮತ್ತೆ ಮೂಡುತ್ತವೆ. ಅಲ್ಲಿ ಕೂದಲಿಲ್ಲ, ಚರ್ಮದಡಿ ಮೂತಿಯದೇ ಆದ ನೀರ್ಗ್ರಂಥಿಗಳಿವೆ. ಈ ಹಸುವಿನಲ್ಲಿ ಹನಿ ಮೂಡಿದವು, ಆದರೆ ತಡವಾಗಿ, ಅಲ್ಲೊಂದು ಇಲ್ಲೊಂದು. ಕುತ್ತಿಗೆಯ ಚರ್ಮ ಹಿಡಿದು ಬಿಟ್ಟಾಗ ಮಡಿಕೆ ನಿಧಾನವಾಗಿ ಸಮವಾಯಿತು. ಮೈಯಲ್ಲಿ ನೀರು ಕಡಿಮೆ ಎಂಬುದು ಖಚಿತವಾಯಿತು.

ಕೂದಲಿನ ಬುಡದ ಸಂಸಾರ

ಹಸುವಿನ ಪ್ರತಿ ಕೂದಲ ಬುಡದಲ್ಲೂ ಮೂರು ಭಾಗ ಒಟ್ಟಿಗಿವೆ: ಒಂದು ಬೆವರುಗ್ರಂಥಿ, ಒಂದು ಎಣ್ಣೆಗ್ರಂಥಿ, ಕೂದಲನ್ನು ನಿಮಿರಿಸುವ ಒಂದು ಎಳೆ ಸ್ನಾಯು. ಹಸುವಿನ ಬೆವರು ನೇರ ಚರ್ಮದ ಮೇಲೆ ಬಂದು ಬೀಳುವುದಿಲ್ಲ. ಕೂದಲು ಹೊರಬರುವ ಕೊಳವೆಯ ಕತ್ತಿನ ಬಳಿ ಬೆವರಿನ ನಾಳ ಸೇರಿಕೊಂಡು, ಕೂದಲಿನ ಜೊತೆಗೇ ಬೆವರು ಹೊರಗೆ ಬರುತ್ತದೆ. ಅದೇ ಕೊಳವೆಗೆ ಸ್ವಲ್ಪ ಕೆಳಗೆ ಎಣ್ಣೆಗ್ರಂಥಿಯೂ ತೆರೆದುಕೊಳ್ಳುತ್ತದೆ. ಎರಡಕ್ಕೂ ಬಾಗಿಲು ಒಂದೇ. ಆ ಬಾಗಿಲು ಕಟ್ಟಿಕೊಂಡರೆ ಎರಡೂ ಕೆಲಸ ನಿಲ್ಲುತ್ತವೆ ಎಂಬುದು ಈ ಪ್ರಕರಣದಲ್ಲಿ ಮುಖ್ಯವಾಯಿತು.

ಎರಡು ಗ್ರಂಥಿಗಳು ಕೆಲಸ ಮಾಡುವ ಬಗೆ ಪೂರ್ತಿ ಬೇರೆ. ಎಣ್ಣೆಗ್ರಂಥಿಯ ಕೋಶ ಕೊಬ್ಬು ತುಂಬಿಕೊಂಡು ಕೊನೆಗೆ ತಾನೇ ಒಡೆದು ಎಣ್ಣೆಯಾಗುತ್ತದೆ. ಬುಡದಲ್ಲಿ ಹೊಸ ಕೋಶ ಹುಟ್ಟುತ್ತಲೇ ಇರುತ್ತದೆ. ಬೆವರುಗ್ರಂಥಿಯ ಕೋಶ ಸಾಯುವುದಿಲ್ಲ. ಅದು ಉಪ್ಪಿನ ಕಣಗಳನ್ನು ಗ್ರಂಥಿಯ ಟೊಳ್ಳಿಗೆ ತಳ್ಳುತ್ತದೆ, ನೀರು ಅದರ ಹಿಂದೆಯೇ ಹರಿಯುತ್ತದೆ. ಗ್ರಂಥಿಯನ್ನು ಸುತ್ತಿಕೊಂಡ ಸಂಕೋಚಕ ಕೋಶಗಳು ಹಿಂಡಿ ಹೊರಗೆ ಕಳಿಸುತ್ತವೆ. ಅಪ್ಪಣೆ ಕೊಡುವ ನರವ್ಯವಸ್ಥೆಯಲ್ಲೂ ವ್ಯತ್ಯಾಸವಿದೆ. ಮನುಷ್ಯನ ಬೆವರಿಗೆ ಅಸಿಟೈಲ್‌ಕೋಲಿನ್ ಎಂಬ ನರರಾಸಾಯನಿಕದ ಸಂಕೇತ ಬೇಕು. ಹಸು, ಕುದುರೆಗಳಲ್ಲಿ ಅಡ್ರಿನಲಿನ್ ಗುಂಪಿನ ಸಂಕೇತ. ಬೆವರಿನ ಉಪ್ಪೂ ಬೇರೆ: ಮನುಷ್ಯನ ಬೆವರಿನಲ್ಲಿ ಸೋಡಿಯಂ ಹೆಚ್ಚು, ಹಸುವಿನ ಬೆವರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಆದಕಾರಣ ಬಳಲಿದ ಹಸುವಿಗೆ ಅಡುಗೆ ಉಪ್ಪಿನ ನೀರು ಮಾತ್ರ ಕುಡಿಸಿದರೆ ಅರ್ಧ ನಷ್ಟ ಹಾಗೇ ಉಳಿಯುತ್ತದೆ.

ಇನ್ನು ಶಾಖದ ಲೆಕ್ಕ. 400 ಕೆ.ಜಿ. ತೂಕದ, 12 ಲೀಟರ್ ಹಾಲಿನ ಹಸು ಸುಮಾರು 750 ವಾಟ್ ಶಾಖ ಹುಟ್ಟಿಸುತ್ತದೆ. ಗಾಳಿ 38 ಡಿಗ್ರಿ ಇದ್ದಾಗ ಗಾಳಿಯೂ ಮೈಯೂ ಹೆಚ್ಚುಕಡಿಮೆ ಸಮ ಬಿಸಿ. ಬರೀ ಗಾಳಿ ತಾಗಿ ಶಾಖ ಹೋಗುವುದು ನಿಲ್ಲುತ್ತದೆ. ಉಳಿಯುವ ದಾರಿ ಒಂದೇ, ನೀರು ಆವಿಯಾಗುವುದು. ಒಂದು ಲೀಟರ್ ನೀರು ಚರ್ಮದ ಮೇಲೆ ಆವಿಯಾದರೆ ಸುಮಾರು 2,400 ಕಿಲೋಜೌಲ್ ಶಾಖ ಹೊತ್ತೊಯ್ಯುತ್ತದೆ. ಅಂದರೆ ಈ ಹಸು ತನ್ನ ಒಳಗಿನ ಶಾಖವನ್ನಷ್ಟೇ ಕಳೆದುಕೊಳ್ಳಲು ಗಂಟೆಗೆ ಒಂದು ಲೀಟರಿಗಿಂತ ಹೆಚ್ಚು ನೀರು ಆವಿ ಮಾಡಬೇಕು. ಬೆವರು ಸಾಲದಾದಾಗ ಉಳಿದದ್ದನ್ನು ಶ್ವಾಸನಾಳದ ತೇವದಿಂದ ತುಂಬಿಸಿಕೊಳ್ಳಲು ಏದುಸಿರು ಶುರುವಾಗುತ್ತದೆ. ಏದುಸಿರಿಗೆ ಬೆಲೆ ತೆರಬೇಕು: ಇಂಗಾಲದ ಡೈಆಕ್ಸೈಡ್ ಅತಿಯಾಗಿ ಹೊರಹೋಗಿ ರಕ್ತ ಕ್ಷಾರವಾಗುತ್ತದೆ, ಅದನ್ನು ಸರಿದೂಗಿಸಲು ಮೂತ್ರಪಿಂಡ ಬೈಕಾರ್ಬೊನೇಟನ್ನು (ಅಡುಗೆ ಸೋಡಾದಲ್ಲಿರುವ ಕ್ಷಾರ) ಹೊರಹಾಕುತ್ತದೆ, ಜೊಲ್ಲಿನಲ್ಲಿ ಇನ್ನಷ್ಟು ಹರಿದುಹೋಗುತ್ತದೆ. ರಾತ್ರಿ ಉಸಿರು ಇಳಿದು ಹಸು ಹಿಂಡಿಗೆ ಬಾಯಿ ಹಾಕಿದಾಗ ಹೊಟ್ಟೆಯ ಹುಳಿಯನ್ನು ಸಮ ಮಾಡಲು ಸೋಡಾ ಉಳಿದಿರುವುದಿಲ್ಲ. ಬೇಸಿಗೆಯಲ್ಲಿ ತೆಳು ಸಗಣಿ, ಹಾಲಿನ ಕೊಬ್ಬು ಇಳಿಯುವುದು, ಕೆಲವು ವಾರ ಬಿಟ್ಟು ಗೊರಸು ನೋವು ಕಾಣಿಸುವುದು ಇವುಗಳಿಗೆ ಇದೂ ಒಂದು ಕಾರಣ.

ಗ್ರಂಥಿ ಕೆಲಸ ಮಾಡುತ್ತಿದೆಯೇ?

ಇದನ್ನು ತಿಳಿಯಲು ಕೋಬಾಲ್ಟ್ ಕ್ಲೋರೈಡ್ ಕಾಗದ ಬಳಸಲಾಯಿತು. ಆ ದ್ರಾವಣದಲ್ಲಿ ಅದ್ದಿ ಒಣಗಿಸಿದ ಸೋಸುಕಾಗದ ಒಣಗಿದ್ದಾಗ ನೀಲಿ, ತೇವ ತಾಗಿದರೆ ಗುಲಾಬಿ. ಮಾಡುವ ಕ್ರಮ ಹೀಗೆ. ಭುಜದ ಹಿಂದೆ ಎರಡು ಬೆರಳಗಲ ಜಾಗದ ಕೂದಲನ್ನು ಬ್ಲೇಡಿನಿಂದ ಚರ್ಮ ಗೀರದಂತೆ ತೆಗೆಯಬೇಕು. ಸ್ಪಿರಿಟ್ಟಿನಲ್ಲಿ ಒರೆಸಿ ಪೂರ್ತಿ ಆರಲು ಬಿಡಬೇಕು. ಪಾರದರ್ಶಕ ಟೇಪಿನ ನಡುವೆ ಕಾಗದದ ಚೂರು ಇಟ್ಟು ಚರ್ಮಕ್ಕೆ ಅಂಟಿಸಿ, ಬಣ್ಣ ಪೂರ್ತಿ ತಿರುಗುವ ತನಕ ಸೆಕೆಂಡ್ ಎಣಿಸಬೇಕು. ಅದೇ ಹೊತ್ತಿಗೆ ಇನ್ನೊಂದು ಚೂರನ್ನು ಕೊಟ್ಟಿಗೆಯ ಒಣ ಕಂಬಕ್ಕೂ ಅಂಟಿಸಬೇಕು. ಇಲ್ಲದಿದ್ದರೆ ಗಾಳಿಯ ತೇವವನ್ನೇ ಬೆವರು ಎಂದು ಓದುವ ತಪ್ಪಾಗುತ್ತದೆ. ಕೋಬಾಲ್ಟ್ ಲವಣ ವಿಷ. ಹಸು ನೆಕ್ಕಬಾರದು, ಕೆಲಸ ಮುಗಿದೊಡನೆ ಕಿತ್ತು ಡಬ್ಬಿಗೆ ಹಾಕಬೇಕು. ಪಶುವೈದ್ಯರ ಕೈಯಲ್ಲೇ ಇರಬೇಕಾದ ಪರೀಕ್ಷೆ ಇದು.

ಭುಜದ ಹಿಂದಿನ ಕಾಗದ ಅರ್ಧ ನಿಮಿಷದೊಳಗೆ ಗುಲಾಬಿಯಾಯಿತು. ಗ್ರಂಥಿಗೆ ಏನೂ ಆಗಿಲ್ಲ, ಹಸು ಚೆನ್ನಾಗಿಯೇ ಬೆವರುತ್ತಿದೆ. ಬೆನ್ನಿನ ಮೇಲೆ, ಸೊಂಟದ ಬಳಿ ಕೂದಲು ತೆಗೆಯದೆ ಬರೀ ಬಾಚಿ ಅಂಟಿಸಿದ ಕಾಗದ ಎರಡು ನಿಮಿಷವಾದರೂ ನೀಲಿಯಾಗಿಯೇ ಇತ್ತು. ಕೈಯಾಡಿಸಿದರೆ ಬೆರಳಿಗೆ ಜಿಗುಟು. ಮನೆಯಲ್ಲಿ ವಿಚಾರಿಸಿದಾಗ ತಿಳಿದದ್ದು: ನೊಣ, ಉಣ್ಣೆ ಬರದಿರಲಿ ಎಂದು ವಾರವಾರ ಹೊಂಗೆ ಎಣ್ಣೆ ಬಳಿಯುತ್ತಿದ್ದರು. ಅದರ ಮೇಲೆ ಧೂಳು ಕೂತು, ಒಣ ಸಗಣಿ ಹತ್ತಿ, ಕೂದಲ ಬುಡಗಳು ಮೇಣ ಹಾಕಿದಂತೆ ಮುಚ್ಚಿಕೊಂಡಿದ್ದವು. ಅಲ್ಪಸ್ವಲ್ಪ ಹೊರಬಂದ ಬೆವರೂ ಎಣ್ಣೆಯ ಪದರದ ಕೆಳಗೇ ಉಳಿಯುತ್ತಿತ್ತು. ಬೆನ್ನು, ಪಕ್ಕೆ ಸೇರಿ ಮೈಯ ದೊಡ್ಡ ಪಾಲು ಹೀಗೆ ವ್ಯರ್ಥವಾಗಿತ್ತು. ಉಣ್ಣೆಹುಳು ಓಡಿಸಲು ಎಣ್ಣೆ ಹಚ್ಚಲೇಬೇಕೆಂದಿದ್ದರೆ ಅವು ಕೂರುವ ಕಿವಿಯ ಒಳಗು, ಬಾಲದ ಬುಡ, ಕೆಚ್ಚಲಿನ ಹಿಂಭಾಗ, ತೊಡೆಸಂದಿಗೆ ಮಾತ್ರ ತೆಳುವಾಗಿ ಹಚ್ಚಬಹುದು. ಬೇಸಿಗೆಯಲ್ಲಿ ಬೆನ್ನಿಗೆ ಬೇಡವೇ ಬೇಡ.

ಒಂದೇ ಅಂಗಳ, ಬೇರೆಬೇರೆ ಚರ್ಮ

ಎತ್ತುಗಳ ಮೈಶಾಖ ಅದೇ ಹೊತ್ತಿಗೆ 38.9, ಉಸಿರು 32. ಮರದ ನೆರಳು, ಬಯಲ ಗಾಳಿ ಇದಕ್ಕೆ ಒಂದು ಕಾರಣ. ಇನ್ನೊಂದು ಕಾರಣ ಹುಟ್ಟಿನದು. ಇಣಿಯುಳ್ಳ ನಮ್ಮ ನಾಡ ದನಗಳ ಬೆವರುಗ್ರಂಥಿ ಚೀಲದಂತೆ ದೊಡ್ಡದು, ಚರ್ಮದ ಮೇಲ್ಮೈಗೆ ಹತ್ತಿರ, ಒಂದು ಚದರ ಸೆಂಟಿಮೀಟರಿನಲ್ಲಿ ಸಂಖ್ಯೆಯೂ ಹೆಚ್ಚು. ಯುರೋಪಿನ ತಳಿಗಳಲ್ಲಿ ಗ್ರಂಥಿ ಸಣ್ಣದು, ಕೊಳವೆಯಂತೆ ಸುರುಳಿ ಸುತ್ತಿ ಆಳದಲ್ಲಿರುತ್ತದೆ. ಜೊತೆಗೆ ಗಿಡ್ಡ ನುಣುಪು ಕೂದಲು, ಜೋತುಬಿದ್ದ ಗಂಗೆದೊಗಲು, ಕಡಿಮೆ ಹಾಲಿನಿಂದಾಗಿ ಕಡಿಮೆ ಒಳಶಾಖ. ಮೈಸೂರು ಒಡೆಯರ ಬೆಣ್ಣೆ ಚಾವಡಿ ಎಂಬ ಅರಮನೆಯ ದನಗಳ ಇಲಾಖೆಯಿಂದ ಬಂದ ಅಮೃತಮಹಲ್ ದನಗಳನ್ನು ಟಿಪ್ಪುವಿನ ಕಾಲದಲ್ಲಿ ಸಾಕಿದ್ದು ಬಿಸಿಲಲ್ಲಿ ದಂಡಿನ ಸಾಮಾನು ಎಳೆಯಲು. ಬೆವರಲಾರದ ಹೋರಿ ಆ ಕೆಲಸದಲ್ಲಿ ಉಳಿಯುತ್ತಲೇ ಇರಲಿಲ್ಲ. ಎಚ್‌ಎಫ್ ತಳಿ ರೂಪುಗೊಂಡದ್ದು ಹಾಲೆಂಡ್, ಉತ್ತರ ಜರ್ಮನಿಯ ತಂಪು ಹುಲ್ಲುಗಾವಲಿನಲ್ಲಿ. ಅಲ್ಲಿ ಶಾಖ ಉಳಿಸಿಕೊಳ್ಳುವ ದಟ್ಟ ಕೂದಲೇ ಲಾಭ. ಕೆರಿಬಿಯನ್ ದ್ವೀಪಗಳ ಸೆನೆಪೋಲ್ ದನಗಳಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನಿನ ಗ್ರಾಹಕದ ಜೀನಿನ ಒಂದು ಬದಲಾವಣೆಯಿಂದ ಕೂದಲು ಬಹಳ ಗಿಡ್ಡವಾಗುತ್ತದೆ. ಆ ಗುಣವನ್ನು ಹೋಲ್‌ಸ್ಟೀನ್‌ಗೆ ಸೇರಿಸಿದ ಹಸುಗಳು ಬಿಸಿಲಲ್ಲಿ ಹೆಚ್ಚು ಬೆವರುತ್ತವೆ, ಮೈಶಾಖ ಕಡಿಮೆ ಇಟ್ಟುಕೊಳ್ಳುತ್ತವೆ.

ಎಮ್ಮೆಯ ಮೈಶಾಖ 40.1. ಅದರ ಚರ್ಮದಲ್ಲಿ ಕೂದಲೇ ವಿರಳ. ಕೂದಲಿಗೊಂದು ಬೆವರುಗ್ರಂಥಿ ಎಂಬ ಲೆಕ್ಕದಿಂದ ಬೆವರೂ ವಿರಳ, ಹಸುವಿನ ಆರನೇ ಒಂದರಿಂದ ಹತ್ತನೇ ಒಂದು ಪಾಲಿನಷ್ಟು. ಬದಲಿಗೆ ಎಣ್ಣೆಗ್ರಂಥಿ ದೊಡ್ಡದು. ಬಿಸಿಲಿಗೆ ಎಮ್ಮೆಯ ಮೈ ಮಿರಮಿರ ಮಿಂಚುವುದು ಆ ಎಣ್ಣೆ ಕರಗಿ ಹರಡುವುದರಿಂದ. ಕೆರೆ, ಜೌಗಿನಲ್ಲಿ ಬದುಕಿದ ಪ್ರಾಣಿಗೆ ನೀರನ್ನು ಒಳಗಿನಿಂದ ತರುವ ಅಗತ್ಯವಿರಲಿಲ್ಲ, ಹೊರಗಿನಿಂದ ಬಳಿದುಕೊಂಡರೆ ಸಾಕಿತ್ತು. ಊರ ಕೆರೆ ಬತ್ತಿದ ಮೇಲೆ ಅದಕ್ಕೆ ಆ ದಾರಿ ಮುಚ್ಚಿತು. ಬೆವರದ ಚರ್ಮಕ್ಕೆ ಕೆಸರು ಬರೀ ನೀರಿಗಿಂತ ಒಳ್ಳೆಯದು, ಹೆಚ್ಚು ಹೊತ್ತು ತೇವ ಹಿಡಿದಿಡುತ್ತದೆ. ಎಮ್ಮೆಯನ್ನು ಸೋಪಿನ ಪುಡಿ ಹಾಕಿ ಉಜ್ಜುವ ರೂಢಿ ಕೆಲವು ಕಡೆ ಇದೆ. ಅದು ಎಣ್ಣೆಯ ಹೊದಿಕೆಯನ್ನೇ ಕಿತ್ತು ಚರ್ಮ ಬಿರಿಯುವಂತೆ ಮಾಡುತ್ತದೆ, ದಯವಿಟ್ಟು ಬಿಡಬೇಕು.

ಕುರಿಯಲ್ಲಿ ಬೆವರುಗ್ರಂಥಿ ಮುಖ್ಯ ಕೂದಲುಗಳ ಬುಡದಲ್ಲಿ ಮಾತ್ರ. ನಡುವೆ ಹುಟ್ಟುವ ಮೃದು ಉಣ್ಣೆಯೆಳೆಗೆ ಎಣ್ಣೆಗ್ರಂಥಿಯಷ್ಟೇ ಉಂಟು. ಆ ಎಣ್ಣೆಯೇ ಲ್ಯಾನೋಲಿನ್. ಬೆವರಿನ ಪೊಟ್ಯಾಸಿಯಂ ಲವಣ ಅದರ ಜೊತೆ ಸೇರಿ ಉಣ್ಣೆಗೆ ಜಿಡ್ಡು ಬರುತ್ತದೆ. ಚಳ್ಳಕೆರೆಯ ಕಂಬಳಿ ಮಳೆಹನಿಯನ್ನು ಒಡನೆ ಹೀರದೆ ಜಾರಿಸುವುದರಲ್ಲಿ ತೊಳೆದ ಮೇಲೂ ಉಳಿದ ಈ ಜಿಡ್ಡಿನ ಪಾಲಿದೆ. ಕುರಿ ತಣಿಯುವುದು ಮುಖ್ಯವಾಗಿ ಏದುಸಿರಿನಿಂದ, ಆದ್ದರಿಂದ ಅದರ ಉಸಿರಿನ ಎಣಿಕೆಯನ್ನು ಹಸುವಿನ ಅಳತೆಯಲ್ಲಿ ಓದಬಾರದು. ಇನ್ನೊಂದು ಮಾತು: ಕುರಿಯ ಗೊರಸಿನ ಮೇಲೆ, ಎರಡು ಬೆರಳು ಕೂಡುವ ಮುಂಭಾಗದಲ್ಲಿ ಒಂದು ಸಣ್ಣ ತೂತು ಕಾಣುತ್ತದೆ. ಅದು ಗಾಯವಲ್ಲ, ಹೆಜ್ಜೆಗೆ ವಾಸನೆ ಹಚ್ಚುವ ಗ್ರಂಥಿಯ ಬಾಯಿ. ಮಣ್ಣು ಸೇರಿ ಕಟ್ಟಿಕೊಂಡು ಊದಿಕೊಂಡರೆ ಬೆಚ್ಚಗಿನ ಉಪ್ಪುನೀರಿನಲ್ಲಿ ತೊಳೆಯಬೇಕು; ಹುಣ್ಣೆಂದು ಕೆರೆದರೆ ನಿಜವಾದ ಹುಣ್ಣಾಗುತ್ತದೆ. ಕಣ್ಣಿನ ಮುಂದೆಯೂ ಕುರಿಗೆ ಇಂಥದೊಂದು ಗ್ರಂಥಿಯಿದೆ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕಾಡಿನ ಕೊಂಡುಕುರಿ (ನಾಲ್ಕು ಕೊಂಬಿನ ಹುಲ್ಲೆ) ಗಿಡದ ಕಡ್ಡಿಗೆ ಮುಖ ಉಜ್ಜಿ ತನ್ನ ಗುರುತು ಬಿಡುವುದು ಕಣ್ಣಿನ ಮುಂದಿನ ಗ್ರಂಥಿಯಿಂದಲೇ.

ಕೋಳಿಗೆ ಬೆವರುಗ್ರಂಥಿಯೇ ಇಲ್ಲ. ಬಾಲದ ಬುಡದ ಒಂದು ಎಣ್ಣೆಗ್ರಂಥಿ ಬಿಟ್ಟರೆ ಹಕ್ಕಿಯ ಚರ್ಮ ಹೆಚ್ಚುಕಡಿಮೆ ಒಣ ಚರ್ಮ.

ಈ ಭೇದ ಬಹಳ ಹಳೆಯದು. ಕಪ್ಪೆಯ ಚರ್ಮದಲ್ಲಿ ಲೋಳೆಗ್ರಂಥಿ, ವಿಷಗ್ರಂಥಿ ಎರಡೂ ತುಂಬಿವೆ. ಹಲ್ಲಿ, ಹಾವು, ಹಕ್ಕಿಗಳ ಕವಲು ಗಟ್ಟಿ ಕೆರಾಟಿನ್ನಿನ ಒಣ ಹೊದಿಕೆಯತ್ತ ಹೋಗಿ ಬಹುತೇಕ ಗ್ರಂಥಿಗಳನ್ನು ಬಿಟ್ಟುಕೊಟ್ಟಿತು. ಸ್ತನಿಗಳತ್ತ ಬಂದ ಕವಲು ಗ್ರಂಥಿಗಳನ್ನು ಉಳಿಸಿಕೊಂಡು ಕೂದಲಿನ ಜೊತೆ ಬೆಸೆಯಿತು. ಕೆಚ್ಚಲು ಬಂದದ್ದೂ ಅಲ್ಲಿಂದಲೇ. ಹಾಲಿನ ಗ್ರಂಥಿ ಕೂದಲಿನ ಬುಡದ ಬೆವರುಗ್ರಂಥಿಯಂಥ ಒಂದರಿಂದ ವಿಕಾಸವಾಯಿತು ಎಂಬುದು ಇಂದು ಬಲವಾದ ವಿವರಣೆ. ಮೊಟ್ಟೆಯಿಡುವ ಸ್ತನಿ ಪ್ಲಾಟಿಪಸ್‌ಗೆ ಮೊಲೆತೊಟ್ಟಿಲ್ಲ. ಹೊಟ್ಟೆಯ ಚರ್ಮದಿಂದ ಹಾಲು ಒಸರಿ ಕೂದಲಿಗೆ ಇಳಿಯುತ್ತದೆ, ಮರಿ ಅಲ್ಲಿಂದ ಹೀರುತ್ತದೆ. ಮರಿಯ ಬೆಳವಣಿಗೆಯಲ್ಲಿ ಅದರ ಹಾಲುಗ್ರಂಥಿ ಒಂದು ಕೂದಲು, ಒಂದು ಎಣ್ಣೆಗ್ರಂಥಿಯ ಜೊತೆಗೇ ಮೂಡುತ್ತದೆ. ಬೆವರುಗ್ರಂಥಿಯನ್ನು ಹಿಂಡುವಂಥದೇ ಸಂಕೋಚಕ ಕೋಶಗಳು ಕೆಚ್ಚಲಿನಲ್ಲೂ ಇವೆ. ಕರು ಗುದ್ದಿದಾಗ ಆಕ್ಸಿಟೋಸಿನ್ ಹಾರ್ಮೋನು ಬಂದು ಹಾಲು ಇಳಿಸುವುದು ಅವುಗಳ ಮೂಲಕ.

ಈ ನೆಂಟಸ್ತಿಕೆಗೆ ಬೇಸಿಗೆಯಲ್ಲಿ ಬೆಲೆಯಿದೆ. ಮೈ ಕಾದಾಗ ಹಸು ರಕ್ತವನ್ನು ಚರ್ಮದತ್ತ ತಿರುಗಿಸುತ್ತದೆ, ಮೇವು ಕಡಿಮೆ ಮಾಡುತ್ತದೆ, ಗ್ಲೂಕೋಸನ್ನು ಹಾಲಿಗೆ ಕೊಡದೆ ಬೇರೆಡೆ ಸುಡುತ್ತದೆ. ಹಾಲಿನ ಇಳಿತದಲ್ಲಿ ಮೂರನೇ ಒಂದರಿಂದ ಅರ್ಧದಷ್ಟು ಮಾತ್ರ ಮೇವಿನ ಕೊರತೆಯದು. ಹಾಗಾಗಿಯೇ "ಹಿಂಡಿ ಜಾಸ್ತಿ ಮಾಡಿದ್ವಿ, ಹಾಲು ಏರವಲ್ದು" ಎನ್ನುವ ದೂರು ಏಪ್ರಿಲ್‌ನಲ್ಲಿ ಎಲ್ಲೆಡೆ ಕೇಳುತ್ತದೆ.

ಕೊಟ್ಟಿಗೆಯ ತಪ್ಪು

ಚಳ್ಳಕೆರೆಯ ಬೇಸಿಗೆ ಗಾಳಿ ಒಣ ಗಾಳಿ. ಬೆವರು ಆರಲು ಇದಕ್ಕಿಂತ ಅನುಕೂಲದ ಹವೆ ಬೇಕಿಲ್ಲ. ಅಂಗಳದ ನೆರಳಿನಲ್ಲಿ ಅಳೆದಾಗ 38 ಡಿಗ್ರಿ, ತೇವಾಂಶ ಶೇ 25. ಕೊಟ್ಟಿಗೆಯೊಳಗೆ 39 ಡಿಗ್ರಿ, ತೇವಾಂಶ ಶೇ 45. ಬರೀ ಒಂದು ಡಿಗ್ರಿ ವ್ಯತ್ಯಾಸವೆಂದು ಕಾಣುತ್ತದೆ. ಶಾಖ-ತೇವ ಸೂಚ್ಯಂಕದಲ್ಲಿ ಇಟ್ಟರೆ ಹೊರಗೆ 83, ಒಳಗೆ 89. ಮಿಶ್ರತಳಿಗೆ 72 ದಾಟಿದರೆ ಒತ್ತಡ ಶುರು.

ಏಳು ಅಡಿ ಎತ್ತರದ ಸತುವಿನ ಶೀಟು. ಬಿಸಿಗಾಳಿ ಹೊಡೆಯದಿರಲಿ ಎಂದು ಮೂರು ಕಡೆ ಟಾರ್ಪಾಲು, ಗೋಣಿತಾಟು. ತಂಪಿರಲಿ ಎಂದು ನೆಲಕ್ಕೆ ನೀರು. ನೀರು, ಗಂಜಲ, ಎರಡು ಪ್ರಾಣಿಗಳ ಉಸಿರು, ಬೆವರು ಎಲ್ಲ ಒಳಗೇ ನಿಂತಿತ್ತು. ಮಣ್ಣಿನ ಗಡಿಗೆ ಮೈ ಜಿನುಗಿ ತಣ್ಣಗಾಗುತ್ತದೆ. ಅದಕ್ಕೆ ಪ್ಲಾಸ್ಟಿಕ್ ಸುತ್ತಿಟ್ಟರೆ ಜಿನುಗುತ್ತಲೇ ಬೆಚ್ಚಗಿರುತ್ತದೆ. ಹಸುವಿಗೆ ಆಗಿದ್ದು ಅದೇ. ನೀರಿನ ತೊಟ್ಟಿ ಬಿಸಿಲಲ್ಲಿತ್ತು, ದಿನಕ್ಕೆ ಎರಡೇ ಸಲ ಹಸುವನ್ನು ಬಿಚ್ಚಿ ಕುಡಿಸುತ್ತಿದ್ದರು.

ಮೊದಲು ಟಾರ್ಪಾಲು ಬಿಚ್ಚಿಸಲಾಯಿತು. ಪಡುವಣದ ಇಳಿಬಿಸಿಲು ತಾಗುವ ಕಡೆ ಮಾತ್ರ ತೆಂಗಿನ ಗರಿಯ ತಟ್ಟಿ, ಅದೂ ನೆಲದಿಂದ ಮೂರು ಅಡಿ ಮೇಲಕ್ಕೆ, ಕೆಳಗೆ ಗಾಳಿ ನುಗ್ಗುವಂತೆ. ಶೀಟಿನ ಮೇಲೆ ಅರ್ಧ ಅಡಿ ದಪ್ಪಕ್ಕೆ ಗರಿ ಹೊದಿಸಿ ಹಗ್ಗ ಬಿಗಿಯಲಾಯಿತು. ವಿದ್ಯುತ್ ತಂತಿ ಶೀಟಿಗೆ ತಾಗುವಲ್ಲಿ ಗರಿ ಹಾಕಬಾರದು, ಬೆಂಕಿಯ ಭಯ. ತೊಟ್ಟಿ ನೆರಳಿಗೆ ಬಂತು. ಹಸು ಕಟ್ಟಿದಲ್ಲೇ ಬಾಯಿ ಹಾಕುವಂತೆ ಗೋದಲಿಯ ಪಕ್ಕ ಇನ್ನೊಂದು ಬಾನಿ ಬಂತು. ಹಾಲು ಕೊಡುವ ಹಸುವಿಗೆ ಈ ಕಾಲದಲ್ಲಿ ದಿನಕ್ಕೆ 80ರಿಂದ 100 ಲೀಟರ್ ಕುಡಿಯುವ ನೀರು ಬೇಕು.

ಬೆನ್ನಿನ ಎಣ್ಣೆ ತೆಗೆಯಲು ಸೋಪಿನ ಪುಡಿ ಬಳಸಲಿಲ್ಲ. ಕಡಲೆಹಿಟ್ಟು ಚಿಮುಕಿಸಿ ಉಜ್ಜಿ, ಬ್ರಷ್ಷಿನಲ್ಲಿ ಬಾಚಿ, ಬೆಳಗಿನ ತಂಪಿನಲ್ಲಿ ತೊಳೆಯಲಾಯಿತು. ಎರಡು ಸಲ ಮಾಡಬೇಕಾಯಿತು. ಬೆನ್ನು, ಪಕ್ಕೆಯ ಉದ್ದ ಕೂದಲನ್ನು ಒಂದು ಸೆಂಟಿಮೀಟರ್ ಉಳಿಸಿ ಕತ್ತರಿಸಲಾಯಿತು. ಬೋಳು ಮಾಡಿದರೆ ಬಿಳಿ ಮಚ್ಚೆಯ ಚರ್ಮ ಬಿಸಿಲಿಗೆ ಸುಡುತ್ತದೆ.

ಮೈ ನೆನೆಸುವುದು ಬೆಳಿಗ್ಗೆ 11ರಿಂದ ಸಂಜೆ 5ರ ತನಕ. ದೊಡ್ಡ ಹನಿಯ ಶವರ್ ಡಬ್ಬಿಯಿಂದ ಕುತ್ತಿಗೆ, ಭುಜ, ಬೆನ್ನಿಗೆ 5-6 ಲೀಟರ್, ಒಂದೆರಡು ನಿಮಿಷ, ನೀರು ಚರ್ಮ ಮುಟ್ಟುವ ತನಕ. ಆಮೇಲೆ ನೀರು ನಿಲ್ಲಿಸಿ ಪಕ್ಕದಿಂದ ಫ್ಯಾನ್. ಮೈ ಆರುತ್ತ ಬಂದಾಗ, ಸುಮಾರು 15 ನಿಮಿಷಕ್ಕೆ, ಮತ್ತೆ ನೀರು. ಉಸಿರು 70ರ ಕೆಳಗೆ ಬಂದ ಮೇಲೆ ಗಂಟೆಗೊಂದು ಸಲ ಸಾಕು. ತಣಿಸುವುದು ಸುರಿದ ನೀರಲ್ಲ, ಆವಿಯಾದ ನೀರು. ಹತ್ತು ಕೊಡ ಸುರಿದರೂ ಕೂದಲಲ್ಲಿ ನಿಲ್ಲುವುದು ಸ್ವಲ್ಪವೇ, ಉಳಿದದ್ದು ಚರಂಡಿಗೆ. ಕೊಳವೆಬಾವಿ ಆಳಕ್ಕಿಳಿದ ಊರಲ್ಲಿ ಈ ಲೆಕ್ಕ ಬೇಕು.

ಮೇವು ಬೆಳಗಿನ 6ರೊಳಗೆ ಮತ್ತು ರಾತ್ರಿ 8ರ ಮೇಲೆ. ಒಣ ಸಪ್ಪೆ, ಶೇಂಗಾ ಹೊಟ್ಟು ರಾತ್ರಿಗೆ, ಹಸಿ ಮೇವು ಬೆಳಗಿಗೆ. ನಾರು ಹುದುಗುವಾಗ ಹೊಟ್ಟೆಯಲ್ಲಿ ಶಾಖ ಹುಟ್ಟುತ್ತದೆ, ಅದು ಮಧ್ಯಾಹ್ನದ ಬಿಸಿಲಿನ ಜೊತೆ ಕೂಡಬಾರದು. ದಿನಕ್ಕೆ ಖನಿಜ ಮಿಶ್ರಣ 50 ಗ್ರಾಂ, ಅಡುಗೆ ಉಪ್ಪು 40 ಗ್ರಾಂ, ಅಡುಗೆ ಸೋಡಾ 80 ಗ್ರಾಂ, ಪಶು ಆಹಾರ ದರ್ಜೆಯ ಪೊಟ್ಯಾಸಿಯಂ ಕ್ಲೋರೈಡ್ 40 ಗ್ರಾಂ, ಎರಡು ಹೊತ್ತಿಗೆ ಭಾಗ ಮಾಡಿ ಹಿಂಡಿಯಲ್ಲಿ ಕಲಸಿ. ಹೊಲಕ್ಕೆ ಹಾಕುವ ಕೆಂಪು ಪೊಟ್ಯಾಷ್ ಗೊಬ್ಬರವೂ ಅದೇ ಲವಣ ಎಂದು ಕೇಳಿ ಅದನ್ನೇ ತಿನ್ನಿಸಬಾರದು. ಅದರಲ್ಲಿ ಬೇರೆ ಕಲ್ಮಶವಿರುತ್ತದೆ.

ನಡುವೆ ಎಡವಿದ್ದು

ಮಗ ಪೇಟೆಯಿಂದ ಮಂಜಿನಂತೆ ಸಿಂಪಡಿಸುವ ನಾಜಲ್‌ಗಳನ್ನು ತಂದು ಹಾಕಿ, ಮಂಜು ಹಾರಿಹೋಗದಿರಲಿ ಎಂದು ಟಾರ್ಪಾಲನ್ನು ಮತ್ತೆ ಇಳಿಬಿಟ್ಟ. ಆ ಮಧ್ಯಾಹ್ನ ಹಸುವಿನ ಉಸಿರು 120ಕ್ಕೆ ಏರಿತು. ಸಣ್ಣ ಹನಿ ಚರ್ಮ ಮುಟ್ಟದೆ ಕೂದಲ ತುದಿಯಲ್ಲೇ ನಿಂತು, ಅದರಡಿ ಬಿಸಿಗಾಳಿಯ ಪದರ ಸಿಕ್ಕಿಕೊಳ್ಳುತ್ತದೆ. ಮುಚ್ಚಿದ ಕೊಟ್ಟಿಗೆಯ ತೇವ ಇನ್ನೂ ಏರಿ ಬೆವರು ಆರುವುದೇ ನಿಲ್ಲುತ್ತದೆ. ಟಾರ್ಪಾಲು ಎತ್ತಿ ಫ್ಯಾನ್ ಹಾಕಿದ ಮೇಲೆ ಅರ್ಧ ಗಂಟೆಯಲ್ಲಿ ಉಸಿರು 80ಕ್ಕೆ ಇಳಿಯಿತು.

ಎರಡನೆಯದು ಕೆಚ್ಚಲಿನದು. ಬೆನ್ನಿನಿಂದ ಇಳಿದ ನೀರು ಮೊಲೆತೊಟ್ಟಿಗೆ ಬರುತ್ತಿತ್ತು, ನೆಲವೂ ಹಸಿ. ಎಡ ಹಿಂಭಾಗದ ಮೊಲೆಯ ಮೊದಲ ಹಾಲನ್ನು ಕಪ್ಪು ಬಟ್ಟೆಯ ಮೇಲೆ ಹಿಂಡಿದಾಗ ಸಣ್ಣ ಚಕ್ಕೆಗಳು ಕಂಡವು, ಕೆಚ್ಚಲುಬಾವಿನ ಆರಂಭ. ಬೇಗ ಕಂಡದ್ದರಿಂದ ಪದೇಪದೇ ಹಿಂಡಿ ತೆಗೆಯುವುದು, ವೈದ್ಯರು ಹೇಳಿದ ಚಿಕಿತ್ಸೆಯಲ್ಲಿ ಹಿಡಿತಕ್ಕೆ ಬಂತು. ಆಮೇಲಿನ ನಿಯಮ: ನೀರು ಬೆನ್ನಿನ ಅರ್ಧಕ್ಕೆ ನಿಲ್ಲಬೇಕು, ಹಾಲು ಕರೆಯುವ ಅರ್ಧ ಗಂಟೆ ಮೊದಲೇ ನೆನೆಸುವುದು ಮುಗಿಯಬೇಕು, ಕರೆದ ಮೇಲೆ ತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಹಸು ಅರ್ಧ ಗಂಟೆ ನಿಂತಿರುವಂತೆ ಮೇವು ಹಾಕಬೇಕು.

ಕುಸಿದು ಬಿದ್ದ ಹಸುವಿನ ಬಾಯಿಗೆ ಬಾಟಲಿಯಿಂದ ನೀರು, ಮಜ್ಜಿಗೆ ಹೊಯ್ಯುವುದನ್ನು ಈ ಮನೆಯವರು ಮಾಡಲಿಲ್ಲ. ಏದುಸಿರಿನಲ್ಲಿರುವ ಪ್ರಾಣಿಗೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಬಿಸಿಲಿನಿಂದ ಪಾರಾದ ಹಸು ಅದರಿಂದ ಸಾಯಬಹುದು.

ಹತ್ತು ದಿನದ ಮೇಲಿನ ಅಳತೆ

ಅದೇ 2.30ರ ಹೊತ್ತಿಗೆ, ಹೊರಗೆ ಅಷ್ಟೇ ಬಿಸಿಲಿರುವಾಗ, ಮೈಶಾಖ 39.3, ಉಸಿರು 64. ಕೊಟ್ಟಿಗೆಯ ತೇವಾಂಶ ಶೇ 28. ಬೆನ್ನಿನ ಕಾಗದ ಈಗ ಮುಕ್ಕಾಲು ನಿಮಿಷದಲ್ಲಿ ಗುಲಾಬಿಯಾಯಿತು. ಹಾಲು 11 ಲೀಟರ್. ಎಮ್ಮೆಗೆ ಹಿತ್ತಲಲ್ಲಿ ಎರಡು ಅಡಿ ಆಳದ ಕೆಸರುಗುಂಡಿ ತೋಡಿ, ಕೊಟ್ಟಿಗೆ ತೊಳೆಯುವ ನೀರನ್ನು ಬಿಡದೆ ಶುದ್ಧ ನೀರನ್ನೇ ಹಾಯಿಸಲಾಯಿತು. ಗಂಜಲ ಬೆರೆತ ಗುಂಡಿ ಕೆಚ್ಚಲುಬಾವಿನ ತವರು. ಎಮ್ಮೆಯ ಮೈಶಾಖ ಈಗ 38.8. ಕುರಿಗಳ ಉಣ್ಣೆ ಕತ್ತರಿಸುವುದನ್ನು ಏಪ್ರಿಲ್ ನಡುವಿನಲ್ಲಿ ಮಾಡಿಸಲಿಲ್ಲ. ಉಣ್ಣೆ ನೇರ ಬಿಸಿಲನ್ನೂ ತಡೆಯುತ್ತದೆ. ಈ ಸೀಮೆಯಲ್ಲಿ ಫೆಬ್ರುವರಿ ಕೊನೆಗೇ ಕತ್ತರಿಸಿ, ಬೇಸಿಗೆಯ ಹೊತ್ತಿಗೆ ಎರಡು ಸೆಂಟಿಮೀಟರಿನಷ್ಟು ಬೆಳೆದಿರುವಂತೆ ನೋಡಿಕೊಳ್ಳುವುದು ಸರಿ.

ಇದೇ ಕ್ರಮವನ್ನು ದಾವಣಗೆರೆ, ಹರಿಹರದ ಭದ್ರಾ ನಾಲೆಯ ಭತ್ತದ ಊರುಗಳಿಗೆ ಹಾಗೇ ಒಯ್ಯಲಾಗದು. ಬೇಸಿಗೆ ಬೆಳೆಗೆ ಗದ್ದೆಯಲ್ಲಿ ನೀರು ನಿಂತಾಗ ಗಾಳಿಯ ತೇವ ಹೆಚ್ಚು, ಬೆವರಾಗಲಿ ಸುರಿದ ನೀರಾಗಲಿ ತಡವಾಗಿ ಆರುತ್ತದೆ. ಅಲ್ಲಿ ನೆನೆಸುವ ಅಂತರ 15 ನಿಮಿಷದ ಬದಲು 25-30 ನಿಮಿಷಕ್ಕೆ ಹೋಗಬೇಕು, ಫ್ಯಾನ್ ಇಲ್ಲದೆ ನೆನೆಸಲೇಬಾರದು, ರಾತ್ರಿಯೂ ಫ್ಯಾನ್ ಓಡಬೇಕು. ಕರೆಂಟು ಹೋದ ಹೊತ್ತಿನಲ್ಲಿ ಹಸುವನ್ನು ಕೊಟ್ಟಿಗೆಯಿಂದ ಬಿಚ್ಚಿ, ಗಾಳಿ ಬೀಸುವ ಏರಿಯ ಮೇಲಿನ ಮರದ ನೆರಳಿಗೆ ಕಟ್ಟುವುದು ಉತ್ತಮ.

ಈ ಹಸುವಿನ ಬೆದೆ ಇನ್ನೂ ಸರಿಯಾಗಿ ಕಾಣಿಸಿಕೊಂಡಿಲ್ಲ. ಕಾದ ಮೈಯಲ್ಲಿ ಬೆಳೆದ ಅಂಡಾಣು ಚೇತರಿಸಿಕೊಳ್ಳಲು ಕೆಲವು ವಾರ ಬೇಕು. ಬೆದೆಯನ್ನು ನಸುಕಿನಲ್ಲಿ ಮತ್ತು ರಾತ್ರಿ ಮಲಗುವ ಮುನ್ನ ನೋಡುವಂತೆ, ಕೃತಕ ಗರ್ಭಧಾರಣೆಯನ್ನು ತಂಪು ಹೊತ್ತಿನಲ್ಲೇ ಮಾಡಿಸಿ, ಆಮೇಲಿನ ಒಂದು ವಾರ ಮಧ್ಯಾಹ್ನದ ನೀರು-ಫ್ಯಾನ್ ಒಂದು ದಿನವೂ ತಪ್ಪಿಸದಂತೆ ಮನೆಯವರಿಗೆ ಬರೆದುಕೊಡಲಾಗಿದೆ.